ಹಿಂಬಾಗಿಲಿದ್ದ ಗಾಡಿ

ಜನವರಿ 11

ಚಿಕ್ಕಪ್ಪನವರಿಗೆ,

ಒಂದು ವಿಷಯವನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಬಿಟ್ಟರೆ ಮುಂದಿನದೆಲ್ಲ ಸುಳ್ಳಿನ ಮೇಲೆ ನಿಲ್ಲುತ್ತದೆ ಅನ್ನಿಸಿ ಮೊದಲಿಗೇ ಹೇಳುತ್ತಿದ್ದೇನೆ: ನೀವು ಕಳಿಸಿದ ಪಾರ್ಸೆಲನ್ನು ಬಿಚ್ಚದೆ ವಾಪಸು ಕಳಿಸಲು ಹೊರಟಿದ್ದೆ. ಹದಿನೇಳು ದಿನ ಅದು ಬಾಗಿಲ ಪಕ್ಕದ ಕಪಾಟಿನ ಮೇಲೆ ಛತ್ರಿಗಳ ಜೊತೆ ಬಿದ್ದಿತ್ತು. ಅಂಚೆ ಕಚೇರಿಗೆ ಎರಡು ಸಲ ಹೊತ್ತುಕೊಂಡು ಹೋದೆ. ಮೊದಲ ಸಲ ಸಾಲು ಉದ್ದವಿತ್ತು, ಅದನ್ನೇ ನೆಪ ಮಾಡಿಕೊಂಡೆ. ಎರಡನೇ ಸಲ ಸಾಲೇ ಇರಲಿಲ್ಲ. ಕೌಂಟರಿನಾಕೆ ಕೈ ಚಾಚಿದಳು. ನಾನು ಎರಡು ಅಂಚೆಚೀಟಿ ಕೊಂಡು ಮನೆಗೆ ಬಂದೆ.

ನಿನ್ನೆ ಬಿಚ್ಚಿದೆ. ರಬ್ಬರ್ ಬ್ಯಾಂಡು ಹಾಕಿದ ಒಂದು ಸುರುಳಿಯಲ್ಲಿ ಎರಡು ಟ್ರೇಸಿಂಗ್ ಹಾಳೆ, ದಾರ ಕಟ್ಟಿದ ಇನ್ನೊಂದು ಸುರುಳಿಯಲ್ಲಿ ಒಂದು. ರಟ್ಟಿನಲ್ಲಿ ಅರ್ಧ ಮಾಡಿ ಬಿಟ್ಟ ಒಂದು ಡಬ್ಬಿಯಂಥದು, ಅಂಚಿನಲ್ಲೆಲ್ಲ ಗೋಂದು ಮೆತ್ತಿದೆ. ಮತ್ತೆ ನಿಮ್ಮ ಕಾಗದ, ಹನ್ನೊಂದು ಸಾಲು. ಅದರಲ್ಲಿ ಹತ್ತು ಸಾಲು ಬರೀ ಅಳತೆ. ಕೊನೆಯ ಸಾಲು: ‘ನನ್ನ ಕೈ ನಡುಗುತ್ತದೆ, ನಿನ್ನ ಕೈ ನಡುಗುವುದಿಲ್ಲವೆಂದು ಕೇಳಿದ್ದೇನೆ, ಇದನ್ನು ಒಂದಕ್ಕೆ ಮೂವತ್ತೈದರ ಅಳತೆಯಲ್ಲಿ ಕಟ್ಟಿಕೊಡು.’

ಅಪ್ಪನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಆದರೂ ಅದು ಅಪ್ಪ ಹೋದ ಗಾಡಿ ಎಂದು ನೋಡಿದ ಕೂಡಲೇ ಗೊತ್ತಾಯಿತು. ಅಪ್ಪ ಅದರ ಮೂತಿಗೆ ಒರಗಿ ನಿಂತ ಫೋಟೋ ನಮ್ಮಲ್ಲಿದೆ. ಹಿಂಭಾಗವನ್ನು ಮಾತ್ರ ನಾನು ಯಾವತ್ತೂ ನೋಡಿಲ್ಲ. ನಿಮ್ಮ ರಟ್ಟಿನ ಡಬ್ಬಿಯ ಹಿಂಭಾಗಕ್ಕೆ ಒಂದು ಬಾಗಿಲಿದೆ. ನಿಜವಾದ ಗಾಡಿಗೂ ಇತ್ತೇ?

ನನ್ನ ಕೈ ನಡುಗುವುದಿಲ್ಲ, ಅದು ನಿಜ. ನಾನು ಕಟ್ಟುಹಲ್ಲು ಮಾಡುವವಳು. ಇಪ್ಪತ್ತೆರಡು ವರ್ಷದಿಂದ ಒಂದೇ ಲ್ಯಾಬು, ಒಂದೇ ಕುರ್ಚಿ. ಆದರೆ ಇದನ್ನು ಯಾಕೆ ಕಟ್ಟಬೇಕು ಎಂದು ನೀವು ಹೇಳಬೇಕು. ನಲವತ್ತು ವರ್ಷ ಮಾತಿಲ್ಲದೆ ಇದ್ದು ಈಗ ಅಳತೆಯಷ್ಟೇ ಕಳಿಸಿದರೆ ನಾನೇನು ತಿಳಿದುಕೊಳ್ಳಲಿ?

ಈ ಕಾಗದದ ಧಾಟಿ ಸರಿಯಿದೆಯೋ ಇಲ್ಲವೋ ಗೊತ್ತಿಲ್ಲ. ಶಾಲೆಯಲ್ಲಿ ನಮಗೆ ಕಲಿಸಿದ್ದು ರಜಾ ಅರ್ಜಿ ಒಂದೇ, ಅದೂ ಇಂಗ್ಲಿಷಿನಲ್ಲಿ.

ಇಂತು,
ನಿಮ್ಮ ಅಣ್ಣನ ಮಗಳು


ಜನವರಿ 23

ಬೊಚ್ಚಿಗೆ ಚಿಕ್ಕಪ್ಪನ ಆಶೀರ್ವಾದ.

ನಾನು ಕಡೆಯ ಸಲ ನೋಡಿದಾಗ ನಿನ್ನ ಮುಂದಿನ ನಾಲ್ಕು ಹಲ್ಲು ಬಿದ್ದಿದ್ದವು. ಆ ಹೆಸರಿಟ್ಟದ್ದು ನಾನೇ. ಈಗ ನೀನು ಊರಿಗೆಲ್ಲ ಹಲ್ಲು ಕಟ್ಟುತ್ತೀಯ ಎಂದು ಕೇಳಿ ಒಬ್ಬನೇ ಕೂತು ನಕ್ಕೆ.

ಯಾಕೆ ಎಂದು ಕೇಳಿದ್ದೀಯ. ಬರೆಯುತ್ತೇನೆ. ನನಗೆ ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಯುದ್ಧದ ಕಾಲದಲ್ಲಿ ನಾನು ಗಾಡಿ ಕಾರ್ಖಾನೆಯ ನಕ್ಷೆ ಕೋಣೆಯಲ್ಲಿದ್ದೆ. ಸಿಪಾಯಿಗಳನ್ನು ಒಯ್ಯುವ ಉಕ್ಕಿನ ಗಾಡಿ ಅದು. ಕಾರ್ಖಾನೆಯವರು ಆಮೆ ಎನ್ನುತ್ತಿದ್ದರು. ಮುಂದೆ ಒಬ್ಬ ಡ್ರೈವರ್, ಹಿಂದೆ ಬೆಂಚಿನ ಮೇಲೆ ಐವರು. ಡ್ರೈವರಿಗೆ ಎಡಗಡೆ ಒಂದು ಬಾಗಿಲು, ಹಿಂದಿನವರಿಗೆ ಎಡಗಡೆ ಒಂದು ಬಾಗಿಲು. ತಲೆಯ ಮೇಲೆ ಪೂರಾ ಮುಚ್ಚಿದ ತಗಡು. ನಾವು ಒಂದೊಂದು ಮೇಜಿನವರು ಒಂದೊಂದು ಭಾಗ ಬರೆಯುತ್ತಿದ್ದೆವು. ನನ್ನದು ಪಕ್ಕದ ಮತ್ತು ಹಿಂದಿನ ತಗಡು. ಮುಂಭಾಗ ಪಕ್ಕದ ಮೇಜಿನವನದು. ಒಬ್ಬರ ಹಾಳೆ ಒಬ್ಬರು ನೋಡುವಂತಿರಲಿಲ್ಲ. ಹಾಳೆಯ ಮೇಲೆ ಅಂಕಿ ಬರೆಯುವಂತೆಯೂ ಇರಲಿಲ್ಲ, ಅಳತೆಗೆ ಬೇರೆ ಪುಸ್ತಕ. ಪೂರ್ತಿ ಗಾಡಿಯನ್ನು ನಾನು ನೋಡಿದ್ದು ಅದು ಗೇಟು ದಾಟಿ ಹೋಗುವಾಗ.

ನಾನು ಮೊದಲು ಬರೆದಾಗ ಹಿಂಬಾಗಿಲಿತ್ತು. ಆಮೇಲೆ ಎಣ್ಣೆ ಟ್ಯಾಂಕು ದೊಡ್ಡದು ಮಾಡಬೇಕೆಂದಾಯಿತು. ಜಾಗ ಹಿಂದುಗಡೆ ಮಾತ್ರ ಇತ್ತು. ಮೇಲಿನವರು ಬಾಗಿಲು ತೆಗೆಯಲು ಹೇಳಿದರು. ಟ್ರೇಸಿಂಗ್ ಹಾಳೆಯಲ್ಲಿ ಶಾಯಿ ಅಳಿಸುವುದು ಬ್ಲೇಡಿನಲ್ಲಿ ಕೆರೆದು. ಒಂದು ಗಂಟೆಯ ಕೆಲಸ. ಚೆನ್ನಾಗಿಯೇ ಕೆರೆದೆ.

ಅಣ್ಣನಿಗೆ ಓಡಿಸಲು ಅದೇ ಗಾಡಿ ಕೊಟ್ಟರು. ಹೊರಡುವ ದಿನ ಹೇಳಿದ, ‘ನೀನು ಬರೆದ ಗಾಡಿ ತಾನೇ, ಇನ್ನೇನೋ ಭಯ.’ ಕಾಲುವೆಯ ಏರಿ ಕುಸಿದು ಗಾಡಿ ಎಡಕ್ಕೆ ಮಗುಚಿತು. ಎರಡು ಬಾಗಿಲೂ ಕೆಸರಿನಡಿಗೆ ಹೋದವು. ನೀರು ತುಂಬಿತು. ಆರು ಜನ. ಉಳಿದದ್ದು ನಿನಗೆ ಗೊತ್ತಿದೆ.

ಟ್ಯಾಂಕನ್ನು ಎರಡು ತುಂಡು ಮಾಡಿ ಬೆಂಚಿನ ಕೆಳಗೆ ಇಡಬಹುದಿತ್ತು. ಅದು ನನಗೆ ಹೊಳೆದದ್ದು ಹಾಳೆ ಕಾರ್ಖಾನೆಗೆ ಇಳಿದ ಮೂರು ದಿನಕ್ಕೆ. ಹೇಳಲು ಹೋಗಲಿಲ್ಲ.

ಆ ಬಾಗಿಲಿದ್ದಿದ್ದರೆ ಅವರು ಹೊರಗೆ ಬರುತ್ತಿದ್ದರೇ? ಇದೊಂದು ನನಗೆ ಗೊತ್ತಾಗಬೇಕು. ಕಾಗದದ ಮೇಲೆ ಬರುತ್ತಾರೆ. ಕಾಗದವನ್ನು ನಾನು ನಂಬುವುದು ಬಿಟ್ಟು ಬಹಳ ಕಾಲವಾಯಿತು. ಕಟ್ಟಿ, ಮಗುಚಿ, ತೆಗೆದು ನೋಡಬೇಕು. ಕಣ್ಣು ಮಂಜಾಗಿದೆ, ಜೂನಿನಲ್ಲಿ ಆಪರೇಷನ್. ಕಂಡರೆ ಆಮೇಲೆ ಕಣ್ಣಾರೆ ನೋಡುವೆ.

ದಾರ ಕಟ್ಟಿದ ಸುರುಳಿ ಪಕ್ಕದ ಮೇಜಿನವನದು. ಅವನು ತೀರಿಕೊಂಡ ಮೇಲೆ ಅವನ ಹೆಂಡತಿ ಕೊಟ್ಟರು. ನಾನು ಬಿಚ್ಚಿಲ್ಲ.

ಅತ್ತಿಗೆಗೆ ಹೇಳಬೇಕೋ ಬೇಡವೋ ನಿನಗೆ ಬಿಟ್ಟದ್ದು.

ಚಿಕ್ಕಪ್ಪ


ಫೆಬ್ರವರಿ 27

ಚಿಕ್ಕಪ್ಪನವರಿಗೆ,

ಕಟ್ಟಲು ಶುರು ಮಾಡಿದ್ದೇನೆ. ಒಪ್ಪಿದ್ದೇನೆಂದು ಬರೆಯಲು ಒಂದು ತಿಂಗಳು ಬೇಕಾಯಿತು, ಕತ್ತರಿಸಲು ಒಂದೇ ಸಂಜೆ ಸಾಕಾಯಿತು. ಇದರಿಂದ ನನ್ನ ಬಗ್ಗೆ ಏನು ತಿಳಿಯುತ್ತದೋ ನನಗೆ ಗೊತ್ತಿಲ್ಲ.

ಮಾದರಿ ಗಾಡಿಗಳ ಸಾಮಾನು ಮಾರುವ ಒಂದು ಅಂಗಡಿ ಲ್ಯಾಬಿನ ಹಿಂದಿನ ಬೀದಿಯಲ್ಲೇ ಇದೆ. ಇಷ್ಟು ವರ್ಷ ಅದನ್ನು ಆಟಿಕೆ ಅಂಗಡಿ ಎಂದುಕೊಂಡಿದ್ದೆ. ಅಂಗಡಿಯವರು ನಿಮ್ಮ ರಟ್ಟಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

‘ಈ ಗಾಡಿಗೆ ಹಿಂದೆ ಬಾಗಿಲಿಲ್ವಲ್ಲ ಮೇಡಂ.’

‘ಇದ್ದಿದ್ದರೆ ಅಂತ ಮಾಡ್ತಿದೀವಿ.’

‘ಓ, ಹಾಗಾ! ಹಾಗೆ ಮಾಡೋರು ಬಹಳ ಜನ ಇದಾರೆ. ಗೆಲ್ಲದವರು ಗೆದ್ದಿದ್ರೆ ಯಾವ ಟ್ಯಾಂಕ್ ಬರ್ತಿತ್ತು, ಯುದ್ಧ ಇನ್ನೊಂದು ವರ್ಷ ನಡೆದಿದ್ರೆ ಯಾವ ಲಾರಿ ಬರ್ತಿತ್ತು. ಆರಾಮದ ಕೆಲಸ. ಇಲ್ಲದ ಗಾಡೀಲಿ ತಪ್ಪು ಹುಡುಕೋಕೆ ಯಾರಿಗೂ ಆಗಲ್ಲ ನೋಡಿ.’

ಪ್ಲಾಸ್ಟಿಕ್ ಹಾಳೆ, ಅಂಟು, ಸಣ್ಣ ಗರಗಸ ಅಲ್ಲಿಂದ ತಂದೆ. ಉಳಿದದ್ದೆಲ್ಲ ಲ್ಯಾಬಿನದೇ: ಮೇಣ, ಕೆತ್ತುವ ಚಾಕು, ತಿರುಗುವ ಬ್ರಷ್ಷು. ಊಟದ ಬಿಡುವಿನಲ್ಲಿ ಅಲ್ಲೇ ಕೂತು ಮಾಡುತ್ತೇನೆ. ನಮ್ಮಲ್ಲಿ ಮೂವರು: ಅಚ್ಚು ಎರೆಯುವವನು, ಹೊಳಪು ಕೊಡುವ ಅಕ್ಕ, ನಾನು. ಅಚ್ಚಿನವನು ಬಂದವನೇ ಬಗ್ಗಿ ನೋಡಿ, ‘ಇದು ಯಾರ ಬಾಯಿಗೆ ಮೇಡಂ?’ ಎಂದ. ಅಕ್ಕ, ‘ನಿನ್ನ ಬಾಯಿಗೇ ಕಣೋ, ಲಾರಿ ಹೋದ್ರೂ ಜಾಗ ಇರುತ್ತೆ’ ಎಂದರು.

ಗಾಡಿ ಇಷ್ಟು ಸಣ್ಣದಾಗುತ್ತದೆ ಎಂದು ನಾನೆಣಿಸಿರಲಿಲ್ಲ. ಅಂಗೈ ಮೇಲೆ ಕೂರುತ್ತದೆ. ಪಕ್ಕದ ಬಾಗಿಲುಗಳನ್ನು ಕೂರಿಸಿದ್ದಾಯಿತು. ಹಿಂಬಾಗಿಲಿನ ಕೀಲು ಇನ್ನೂ ಬಾಕಿ. ನಿಮ್ಮ ಎರಡು ಹಾಳೆಗಳನ್ನು ಲ್ಯಾಬಿನ ಎಕ್ಸ್‌ರೇ ನೋಡುವ ದೀಪದ ಗಾಜಿನ ಮೇಲೆ ಹರಡಿಕೊಂಡು ಗೆರೆ ಎತ್ತಿಕೊಳ್ಳುತ್ತೇನೆ. ದಾರ ಕಟ್ಟಿದ್ದನ್ನು ನಾನೂ ಬಿಚ್ಚಿಲ್ಲ, ಒಳಗಿನ ಕೆಲಸ ಕಡೆಗೆ.

ಅಮ್ಮನಿಗೆ ಹೇಳಬಾರದೆಂದಿದ್ದೆ. ಕಳೆದ ಭಾನುವಾರ ಮನೆಗೆ ತಂದು ಹಲಗೆಯ ಮೇಲಿಟ್ಟಿದ್ದೆ. ಮುಂದಿನ ಕೋಣೆಯ ತಮ್ಮ ಹೊಲಿಗೆ ಅಂಗಡಿಯಿಂದ ಅಮ್ಮ ಯಂತ್ರದ ಎಣ್ಣೆ ಡಬ್ಬಿ ಹುಡುಕುತ್ತ ಬಂದವರು ನೋಡಿದರು. ನಮ್ಮಿಬ್ಬರ ಮಾತು ನಡೆದದ್ದು ಇಷ್ಟು:

‘ಏನೇ ಅದು?’

‘ಗಾಡಿ.’

‘ಗಾಡಿ ಅಂತ ಕಾಣುತ್ತೆ. ಅವನು ಕಳಿಸಿದ್ದಾ?’

‘ಹೂಂ.’

‘ನಿನಗೀಗ ನಲವತ್ತಾರು. ಆಟದ ಸಾಮಾನು ಕಳಿಸೋದಿದ್ರೆ ಆರು ವರ್ಷದಲ್ಲಿ ಕಳಿಸಬೇಕಿತ್ತು.’

ಎಣ್ಣೆ ಡಬ್ಬಿ ತೆಗೆದುಕೊಂಡು ಹೋದರು. ಆ ದಿನ ಯಂತ್ರದ ಸದ್ದು ನಿಲ್ಲಲೇ ಇಲ್ಲ.

ಒಂದು ನೆನಪು ನಿಜವೋ ಅಲ್ಲವೋ ಎಂದು ನಿಮ್ಮನ್ನು ಕೇಳಬೇಕು. ಅಪ್ಪನ ಸುದ್ದಿ ಬಂದ ವಾರ ನೀವು ನಮ್ಮ ಮನೆಯ ಹೊಸಿಲಲ್ಲಿ ನಿಂತಿದ್ದಿರಿ. ಕೈಯಲ್ಲಿ ಟೋಪಿ ಇತ್ತು. ‘ಬಾಗಿಲಿತ್ತು ಅತ್ತಿಗೆ, ನಾನೇ ತೆಗೆದೆ’ ಎಂದಿರಿ. ಅಮ್ಮ ಬಾಗಿಲು ಹಾಕಿದರು. ನೀವು ನಮ್ಮ ಮನೆಯ ಯಾವುದೋ ಬಾಗಿಲು ಕಿತ್ತುಕೊಂಡು ಹೋದಿರೆಂದು ನಾನು ಎಷ್ಟೋ ವರ್ಷ ನಂಬಿದ್ದೆ. ಮನೆಯೆಲ್ಲ ಸುತ್ತಿ ಎಣಿಸಿದ್ದೂ ಇದೆ. ಎಲ್ಲ ಬಾಗಿಲೂ ಇದ್ದವು.

ಮೂರು ಫೋಟೋ ಇಟ್ಟಿದ್ದೇನೆ. ತಪ್ಪಿದ್ದರೆ ಹೇಳಿ.

ಇಂತು,
ಅಣ್ಣನ ಮಗಳು


ಮಾರ್ಚ್ 9

ಬೊಚ್ಚಿಗೆ,

ದಪ್ಪ ಅಕ್ಷರಕ್ಕೆ ಬೇಜಾರು ಮಾಡಿಕೊಳ್ಳಬೇಡ. ಸಣ್ಣದು ನನಗೇ ಕಾಣುವುದಿಲ್ಲ.

ನಿನ್ನ ನೆನಪು ನಿಜ. ಟೋಪಿಯೂ ನಿಜ.

ಫೋಟೋಗಳನ್ನು ಭೂತಗನ್ನಡಿ ಹಿಡಿದು ಮೂರು ದಿನ ನೋಡಿದೆ. ಕೆಲಸ ಚೊಕ್ಕಟವಾಗಿದೆ. ನಮ್ಮ ಕೋಣೆಯಲ್ಲಿ ಇಷ್ಟು ನೇರ ಗೆರೆ ಎಳೆಯುವವರು ಇಬ್ಬರೇ ಇದ್ದರು.

ಆದರೆ ಗಾಡಿ ಉಲ್ಟಾ ಆಗಿದೆ. ಬಾಗಿಲುಗಳೆರಡೂ ಬಲಕ್ಕೆ ಬಂದಿವೆ. ನೀನು ಹಾಳೆಗಳನ್ನು ಮಗುಚಿ ಇಟ್ಟುಕೊಂಡಿದ್ದೀಯ. ಬೆರಳಾಡಿಸಿ ನೋಡು, ಕೆರೆದ ಜಾಗ ಒರಟಾಗಿ ಕೈಗೆ ಸಿಗುತ್ತದೆ. ಸಿಗುವ ಕಡೆಯೇ ಮೇಲ್ಮುಖ.

ತಪ್ಪು ನಿನ್ನದಲ್ಲ.

ಚಿಕ್ಕಪ್ಪ


ಮಾರ್ಚ್ 20

ಚಿಕ್ಕಪ್ಪನವರಿಗೆ,

ಬೆರಳಾಡಿಸಿದೆ. ಹಿಂದಿನ ತಗಡಿನ ಹಾಳೆಯಲ್ಲಿ ಒಂದು ಬಾಗಿಲಿನಷ್ಟು ಜಾಗ ಬೆಕ್ಕಿನ ನಾಲಗೆಯ ಹಾಗೆ ತರಿತರಿಯಾಗಿದೆ. ಓರೆಯಾಗಿ ಬೆಳಕು ಬಿಟ್ಟರೆ ಮೂಲೆಯ ಕೀಲು ಸಹ ಕಾಣುತ್ತದೆ. ಚೆನ್ನಾಗಿ ಕೆರೆದೆ ಎಂದು ಬರೆದಿದ್ದಿರಿ. ಅಷ್ಟೇನೂ ಚೆನ್ನಾಗಿ ಕೆರೆದಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಗಾಡಿ ಉಲ್ಟಾ ಆದದ್ದನ್ನು ಅರ್ಧದಲ್ಲೇ ಗಮನಿಸುತ್ತಿದ್ದರೇನೋ. ನಮ್ಮ ಕಸುಬಿನಲ್ಲಿ ದಿನವಿಡೀ ನೋಡುವುದೇ ಅಚ್ಚು. ಅಚ್ಚಿನಲ್ಲಿ ಉಬ್ಬಿದ್ದೆಲ್ಲ ತಗ್ಗು, ತಗ್ಗಿದ್ದೆಲ್ಲ ಉಬ್ಬು. ತಿರುವುಮುರುವಾದದ್ದು ನನ್ನ ಕಣ್ಣಿಗೆ ಸಹಜವಾಗಿಯೇ ಕಾಣುತ್ತದೆ.

ಒಡೆಯುವ ಮೊದಲು ಒಂದು ಕೆಲಸ ಮಾಡಿದೆ. ಮಾಡಬಾರದಿತ್ತೇನೋ. ಉಲ್ಟಾ ಗಾಡಿಯನ್ನು ಮೇಜಿನ ಮೇಲೆ ಎಡಕ್ಕೆ ಮಗುಚಿದೆ. ಬಾಗಿಲುಗಳೆರಡೂ ಮೇಲೆ ಬಂದವು. ನನ್ನ ತಪ್ಪಿನ ಗಾಡಿಯಲ್ಲಿ ಆರೂ ಜನ ಎದ್ದು, ಬಟ್ಟೆ ಒದರಿಕೊಂಡು ಹೋಗುತ್ತಿದ್ದರು. ಹಿಂಬಾಗಿಲಿನ ಹಂಗೇ ಇರಲಿಲ್ಲ. ಬಾಗಿಲುಗಳನ್ನು ಎಡಕ್ಕಿಡಬೇಕೆಂದು ಯಾರು ತೀರ್ಮಾನಿಸಿದರು, ಏರಿ ಬಲಕ್ಕೆ ಕುಸಿಯದೆ ಎಡಕ್ಕೇ ಯಾಕೆ ಕುಸಿಯಿತು ಎಂದು ಒಂದು ಇಡೀ ಬಿಡುವು ಯೋಚಿಸುತ್ತ ಕೂತೆ. ಆಮೇಲೆ ಗಂಟೆಯಾಯಿತು, ಯಾರದೋ ದವಡೆ ಕಾಯುತ್ತಿತ್ತು.

ಗಾಡಿಯನ್ನು ಒಡೆದು ಸರಿಯಾಗಿ ಮತ್ತೆ ಶುರು ಮಾಡಿದ್ದೇನೆ.

ಇನ್ನೊಂದು ವಿಷಯ. ‘ತಪ್ಪು ನಿನ್ನದಲ್ಲ’ ಎಂದು ಬರೆದಿದ್ದೀರಿ. ಯಾಕೆಂದು ಬರೆದಿಲ್ಲ. ಅಂಗಡಿಯವರನ್ನು ಕೇಳಿದೆ. ಯಾವ ಕಾಲದ ನಕ್ಷೆಯಾದರೂ ಬಲಮೂಲೆಯಲ್ಲಿ ಒಂದು ಪಟ್ಟಿ ಇರುತ್ತದಂತೆ, ಅದರಲ್ಲಿ ಹಾಳೆಯ ಸಂಖ್ಯೆ, ಬದಲಾವಣೆಗಳು, ಸಹಿ. ಅಕ್ಷರ ಉಲ್ಟಾ ಕಂಡರೆ ಹಾಳೆ ಉಲ್ಟಾ ಎಂದು ಮಗುವಿಗೂ ಗೊತ್ತಾಗುತ್ತದೆ ಎಂದರು. ನಿಮ್ಮ ಎರಡೂ ಹಾಳೆಗಳ ಆ ಮೂಲೆ ಇಲ್ಲ. ಹಳೆಯ ಕಾಗದದಲ್ಲಿ ಆ ಒಂದು ಅಂಚು ಮಾತ್ರ ಹೊಸದಾಗಿ, ಬೆಳ್ಳಗೆ ಇದೆ.

ಆ ಪಟ್ಟಿಗಳು ಎಲ್ಲಿವೆ ಚಿಕ್ಕಪ್ಪ?

ಅಣ್ಣನ ಮಗಳು


ಮೇ 2

ಮೇಡಂ ಅವರಿಗೆ ನಮಸ್ಕಾರ.

ನಾನು ನಿಮ್ಮ ಚಿಕ್ಕಪ್ಪನವರ ಕೆಳಗಿನ ಮನೆಯವಳು, ನರ್ಸ್. ಅವರಿಗೀಗ ಬರೆಯಲೂ ಆಗುವುದಿಲ್ಲ, ಓದಲೂ ಆಗುವುದಿಲ್ಲ. ನಿಮ್ಮ ಮಾರ್ಚ್ ಕಾಗದವನ್ನು ನಾನೇ ಓದಿ ಹೇಳಿದೆ. ಬೆಕ್ಕಿನ ನಾಲಗೆ ಅಂತ ಬಂದಲ್ಲಿ ನಕ್ಕರು. ಕೊನೆಯ ಸಾಲು ಬಂದಾಗ, ‘ಸಾಕಮ್ಮ, ನಿನಗೆ ಡ್ಯೂಟಿಗೆ ಹೊತ್ತಾಯಿತು’ ಅಂದರು. ನನಗೆ ಅವತ್ತು ರಜೆ.

ಐದು ವಾರ ಉತ್ತರ ಬರೆಸಲಿಲ್ಲ. ‘ಏನಜ್ಜ, ಹುಡುಗಿ ಕಾಯ್ತಿರಲ್ವಾ’ ಅಂದರೆ, ‘ಹುಡುಗಿ ಅಲ್ಲ, ಇನ್‌ಸ್ಪೆಕ್ಟರ್’ ಅಂದರು. ನಿನ್ನೆ ಕರೆದು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ:

‘ಬೊಚ್ಚಿ, ಕಣ್ಣಿನ ಆಪರೇಷನ್ ಜೂನ್ ಐದಕ್ಕೆ. ಕಣ್ಣಿನ ಕಟ್ಟು ಬಿಚ್ಚಿದ ಮೇಲೂ ಒಂದು ವಾರ ಓದಬಾರದಂತೆ. ಹಿಂಬಾಗಿಲಿನ ಕೀಲು ಎಡಕ್ಕೆ ಬರಲಿ. ನೀನು ಕೇಳಿದ್ದು ಜೊತೆಯಲ್ಲಿದೆ.’

ಇಷ್ಟೇ. ಒಂದು ಸಣ್ಣ ಲಕೋಟೆಗೆ ಅವರೇ ತಡಕಾಡಿಕೊಂಡು ಗೋಂದು ಹಚ್ಚಿದರು. ನಾನು ಒಳಗೆ ನೋಡಿಲ್ಲ. ಅದನ್ನು ನಿಮಗೆ ಹೇಳು ಅಂತಲೂ ಹೇಳಿದರು.

ಊಟ ಸರಿಯಾಗಿ ಮಾಡುತ್ತಿದ್ದಾರೆ. ಚಿಂತೆ ಬೇಡ.

ಇಂತು,
ಕೆಳಗಿನ ಮನೆ ನರ್ಸ್


ಮೇ 8

ಚಿಕ್ಕಪ್ಪನವರಿಗೆ,

ಲಕೋಟೆ ತಲುಪಿತು. ಓದಿದೆ. ಗಾಡಿಯ ಒಳಗಿನ ಕೆಲಸವೂ ಬಣ್ಣವೂ ಬಾಕಿ ಇದೆ.

ಅಣ್ಣನ ಮಗಳು

ನರ್ಸ್ ಅವರಿಗೆ: ನೀವು ಬರೆದದ್ದಕ್ಕೆ ತುಂಬ ಉಪಕಾರವಾಯಿತು.


ಜೂನ್ 2

ಚಿಕ್ಕಪ್ಪನವರಿಗೆ,

ಇದು ಈ ಕಾಗದದ ಮೂರನೇ ಪ್ರತಿ. ಮೊದಲನೆಯದರಲ್ಲಿ ‘ಬಾಗಿಲು ತೆರೆಯುತ್ತದೆ’ ಎಂದಷ್ಟೇ ಬರೆದಿದ್ದೆ. ಎರಡನೆಯದರಲ್ಲಿ ‘ಬಾಗಿಲಿದ್ದರೂ ಅಪ್ಪ ಬದುಕುತ್ತಿರಲಿಲ್ಲ’ ಎಂದಷ್ಟೇ. ಎರಡೂ ನಿಜ. ಆದರೆ ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ, ಮೊದಲನೆಯದು ನಿಮಗೆ ಶಿಕ್ಷೆಯಾಗುತ್ತದೆ, ಎರಡನೆಯದು ಸಮಾಧಾನವಾಗುತ್ತದೆ. ನಿಮಗೆ ಯಾವುದು ಸಲ್ಲಬೇಕೆಂದು ನಾನು ತೀರ್ಮಾನಿಸಿದ ಹಾಗಾಗುತ್ತದೆ. ಅದಕ್ಕೆ ಎರಡನ್ನೂ ಹರಿದು ಹಾಕಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಗಾಡಿ ಮುಗಿದಿದೆ. ಟ್ಯಾಂಕನ್ನು ನೀವು ಹೇಳಿದಂತೆ ಎರಡು ಮಾಡಿ ಬೆಂಚಿನ ಕೆಳಗಿಟ್ಟೆ, ಹಿಡಿಸಿತು. ಐದು ಜನರನ್ನು ಮೇಣದಲ್ಲಿ ಮಾಡಿದೆ. ಒಬ್ಬೊಬ್ಬ ಐದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಮುಖ ಕೆತ್ತಲಿಲ್ಲ, ಭುಜ ಮತ್ತು ಬೆನ್ನಿನ ಚೀಲದ ದಪ್ಪ ಮಾತ್ರ ಸರಿಯಾಗಿ ನೋಡಿಕೊಂಡೆ. ಗಾಡಿಯನ್ನು ಎಡಕ್ಕೆ ಮಗುಚಿ ಚಿಲಕ ಸರಿಸಿದೆ. ಹಿಂಬಾಗಿಲು ತನ್ನ ಭಾರಕ್ಕೇ ತೆರೆದು ಮೇಜಿಗೆ ಬಡಿಯಿತು. ಕೀಲನ್ನು ಎಡಕ್ಕಿಡಲು ಹೇಳಿದ್ದು ಇದಕ್ಕೇ ಎಂದು ಆಗ ಗೊತ್ತಾಯಿತು. ಇಕ್ಕಳದಿಂದ ಒಬ್ಬೊಬ್ಬರನ್ನೇ ಹೊರಗೆಳೆದೆ. ಐವರೂ ಚೀಲ ಸಮೇತ ಬಂದರು. ಅಚ್ಚಿನವನೂ ಹೊಳಪಿನ ಅಕ್ಕನೂ ಹಿಂದೆ ನಿಂತು ನೋಡುತ್ತಿದ್ದರು.

ಆರನೆಯವನನ್ನು ಕೂರಿಸಲು ಮುಂಭಾಗ ಬೇಕಿತ್ತು. ಆಗ ದಾರ ಕಟ್ಟಿದ ಸುರುಳಿ ಬಿಚ್ಚಿದೆ. ಪಕ್ಕದ ಮೇಜಿನವರ ಹಾಳೆಯಲ್ಲಿ ಬಲಮೂಲೆಯ ಪಟ್ಟಿ ಹಾಗೇ ಇದೆ. ಡ್ರೈವರಿನ ಬೆನ್ನ ಹಿಂದೆ ಇಡೀ ಅಡ್ಡಗಲಕ್ಕೂ ಉಕ್ಕಿನ ಗೋಡೆಯಿದೆ. ಅದರ ಮಧ್ಯೆ, ಹಿಂದಿನವರ ಜೊತೆ ಮಾತಾಡಲು, ಒಂದು ಚೌಕ ಕಿಂಡಿ. ನನ್ನ ಗಾಡಿಯಲ್ಲಿ ಅದು ಎಂಟು ಮಿಲಿಮೀಟರು. ನಿಜದ್ದರಲ್ಲಿ ಹನ್ನೊಂದು ಇಂಚು.

ಆರನೆಯವನನ್ನು ಮೇಣದಲ್ಲಿ ಮಾಡಲಿಲ್ಲ. ಮಾಡದೆಯೂ ಗೊತ್ತಾಗುತ್ತಿತ್ತು. ನಿಮಗೂ ಗೊತ್ತಿತ್ತೇ, ಅದಕ್ಕೇ ಆ ಸುರುಳಿಯನ್ನು ಬಿಚ್ಚದೆ ಇಟ್ಟಿದ್ದಿರೇ ಎಂದು ಕೇಳಬೇಕೆನಿಸಿತು. ಕೇಳುವುದಿಲ್ಲ. ನಾನೂ ಅದನ್ನು ನಾಲ್ಕು ತಿಂಗಳು ಬಿಚ್ಚದೆ ಇಟ್ಟಿದ್ದೆ, ನನ್ನ ಬಳಿಯೂ ಅದಕ್ಕೆ ಸರಿಯಾದ ಕಾರಣವಿಲ್ಲ.

ಈಗ ನಿಮ್ಮ ಲಕೋಟೆಯ ವಿಷಯ. ನರ್ಸ್ ಓದುವ ಕಾಗದದಲ್ಲಿ ಇದನ್ನು ಬರೆಯುವುದು ಬೇಡವೆಂದು ಸುಮ್ಮನಿದ್ದೆ. ಅದರಲ್ಲಿದ್ದ ಪಟ್ಟಿಯಲ್ಲಿ ನಾಲ್ಕನೇ ಬದಲಾವಣೆ: ‘ಹಿಂಬಾಗಿಲು ತೆಗೆದು ದೊಡ್ಡ ಎಣ್ಣೆ ಟ್ಯಾಂಕು. ಸೂಚಿಸಿದವರು’, ಅದರ ಮುಂದೆ ನಿಮ್ಮ ಸಹಿ. ‘ಒಪ್ಪಿದವರು’ ಎಂಬಲ್ಲಿ ಮಾತ್ರ ಬೇರೆಯವರದು. ಮೇಲಿನವರು ಹೇಳಿದರು ಎಂದು ನೀವು ಜನವರಿಯಲ್ಲಿ ಬರೆದದ್ದು ಸುಳ್ಳು. ಓದಿ ಸಿಟ್ಟು ಬಂತೇ ಎಂದು ನನ್ನನ್ನೇ ಕೇಳಿಕೊಂಡೆ. ಬಂತು, ಆದರೆ ಟ್ಯಾಂಕಿನ ಬಗ್ಗೆ ಅಲ್ಲ, ಬ್ಲೇಡಿನ ಬಗ್ಗೆ. ನನಗೆ ಕಳಿಸುವ ಹಿಂದಿನ ದಿನ, ನಡುಗುವ ಕೈಯಲ್ಲಿ, ಮತ್ತೊಂದು ಸಲ ಬ್ಲೇಡು ಹಿಡಿದು ಆ ಮೂಲೆ ಕತ್ತರಿಸಿದ್ದೀರಲ್ಲ, ಅದರ ಬಗ್ಗೆ.

ಗಾಡಿಯನ್ನು ಮನೆಗೆ ತಂದು ಎರಡು ದಿನ ಅಡಗಿಸಿಟ್ಟೆ. ಮೂರನೇ ದಿನ ಬೆಳಿಗ್ಗೆ ಅಮ್ಮನ ಕತ್ತರಿಸುವ ಮೇಜಿನ ಮೇಲೆ, ಸೀಮೆಸುಣ್ಣದ ಪಕ್ಕ, ನಾನೇ ಇಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡರು. ಸೂಜಿಯ ತುದಿಯಿಂದ ಹಿಂಬಾಗಿಲನ್ನು ಮೀಟಿ ತೆಗೆದರು.

‘ಇದೇನಾ ಆ ಬಾಗಿಲು?’

‘ಹೂಂ.’

‘ಎಷ್ಟು ಜನ ಬರ್ತಾರೆ ಇದ್ರಲ್ಲಿ?’

‘ಐದು.’

ಬಾಗಿಲನ್ನು ಮುಚ್ಚಿದರು, ಮತ್ತೆ ತೆಗೆದರು. ‘ಅವರು ಎಲ್ಲಿ ಕೂತಿದ್ರು?’

ತೋರಿಸಿದೆ. ಮುಚ್ಚಳ ಎತ್ತಿ ಒಳಗಿನ ಗೋಡೆಯನ್ನೂ ತೋರಿಸಿದೆ.

‘ಈ ಕಿಂಡಿ ನಿಜದ್ರಲ್ಲಿ ಎಷ್ಟಿತ್ತು?’

‘ಹನ್ನೊಂದು ಇಂಚು. ಎತ್ತರಾನೂ ಅಷ್ಟೇ.’

‘ಅವರ ಭುಜ ಹತ್ತೊಂಬತ್ತೂವರೆ’ ಎಂದರು ಅಮ್ಮ. ‘ಕೋಟು ಹಾಕಿದ್ರೆ ಇಪ್ಪತ್ತು.’

ಅಳತೆ ಪುಸ್ತಕ ನೋಡಲಿಲ್ಲ, ನೆನಪು ಮಾಡಿಕೊಂಡ ಹಾಗೂ ಕಾಣಲಿಲ್ಲ. ಗಿರಾಕಿಯ ಅಳತೆ ಹೇಳುವ ದನಿಯಲ್ಲೇ ಹೇಳಿದರು. ಆಮೇಲೆ ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತಿಟ್ಟರು. ಅಂಗಡಿ ಮುಚ್ಚುವ ಹೊತ್ತಲ್ಲದೆ ಅಮ್ಮ ಅದನ್ನು ತೆಗೆದದ್ದು ನಾನು ನೋಡಿಲ್ಲ.

ಪಟ್ಟಿಯನ್ನು ಅಮ್ಮನಿಗೆ ತೋರಿಸಬೇಕೇ ಬೇಡವೇ ಎಂದು ನಾನು ಬಹಳ ಯೋಚಿಸಿದ್ದೆ. ತೋರಿಸಿದೆ. ಅಮ್ಮ ನಿಮ್ಮ ಸಹಿಯ ಮೇಲೆ ಬೆರಳಿಟ್ಟು ಹೇಳಿದರು:

‘ಗೊತ್ತು.’

‘ಏನು ಗೊತ್ತು?’

‘ಟ್ಯಾಂಕು ದೊಡ್ಡದು ಮಾಡು ಅಂತ ಕೇಳಿದ್ದೇ ನಿಮ್ಮಪ್ಪ. ರಜೆಗೆ ಬಂದಿದ್ರು. ಊಟಕ್ಕೆ ಕೂತಿದ್ವಿ, ಅವನೂ ಇದ್ದ. ಆಗ ಓಡಿಸ್ತಿದ್ದ ಹಳೇ ಗಾಡಿ ಎಣ್ಣೆ ಮುಗಿದು ಎಲ್ಲಂದ್ರಲ್ಲಿ ನಿಂತುಬಿಡ್ತಿತ್ತಂತೆ. “ಲೋ, ನಿಮ್ಮ ಹೊಸಾದ್ರಲ್ಲಿ ಟ್ಯಾಂಕು ದೊಡ್ಡದಿಡ್ರೋ, ನಡುದಾರೀಲಿ ನಿಂತ್ರೆ ದೇವರೇ ಗತಿ” ಅಂದ್ರು. ಇವನು ಊಟ ಬಿಟ್ಟು ಎದ್ದು, ಎಡಗೈಲಿ ಕಾಗದದ ಮೇಲೆ ಏನೋ ಗೀಚಿದ. ಅಣ್ಣ ಕೇಳಿದ್ದು ಅಂದ್ರೆ ಇವನಿಗೆ ವೇದವಾಕ್ಯ.’

‘ಮತ್ತೆ ಅವರು ಅದನ್ನ ಯಾಕೆ ಹೇಳ್ಲಿಲ್ಲ? ಹೊಸಿಲಲ್ಲಿ ನಿಂತು ನಾನೇ ತೆಗೆದೆ ಅಂದ್ರಲ್ಲ?’

‘ಹೇಳಿದ್ರೆ ಸತ್ತವರ ತಲೆಗೆ ಕಟ್ಟಿದ ಹಾಗಾಗುತ್ತೆ ಅಂತ.’

‘ನೀನ್ಯಾಕೆ ಹೇಳ್ಲಿಲ್ಲಮ್ಮಾ?’

ಅಮ್ಮ ಗಾಡಿಯ ಚಕ್ರವನ್ನು ಬೆರಳಿನಿಂದ ತಿರುಗಿಸಿದರು. ‘ಯಾರ ಮೇಲಾದ್ರೂ ಸಿಟ್ಟು ಮಾಡ್ಕೋಬೇಕಿತ್ತು ಕಣೇ. ಅವರ ಮೇಲೆ ಮಾಡ್ಕೊಳ್ಳೋಣ ಅಂದ್ರೆ ಅವರು ಇರ್ಲಿಲ್ಲ. ಇವನು ಬಾಗಿಲಿಗೇ ಬಂದು ನಿಂತಿದ್ದ.’

ಇದಿಷ್ಟು ನಡೆದದ್ದು. ಇದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಹೀಗೆ: ಹಿಂಬಾಗಿಲಿದ್ದಿದ್ದರೆ ಐದು ಜನ ಹೊರಗೆ ಬರುತ್ತಿದ್ದರು. ನಿಮ್ಮ ಅಣ್ಣ ಬರುತ್ತಿರಲಿಲ್ಲ. ಅಪ್ಪನ ವಿಷಯದಲ್ಲಿ ನೀವು ನನ್ನಿಂದ ಕ್ಷಮೆ ಕೇಳಬೇಕಾದದ್ದು ಏನೂ ಇಲ್ಲ, ಅಮ್ಮನಿಂದಲೂ ಇಲ್ಲ. ಆ ಐವರ ವಿಷಯದಲ್ಲಿ ಹೇಳಲು ನಾನು ಯಾರೂ ಅಲ್ಲ. ಅವರ ಮನೆಯವರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಇದು ಕ್ರೂರವಾಗಿ ಕೇಳುತ್ತದೆಯೇ ಎಂದು ಇಲ್ಲಿಯವರೆಗೆ ನಾಲ್ಕು ಸಲ ಓದಿಕೊಂಡೆ. ಕೇಳುತ್ತದೆ. ಆದರೆ ನೀವು ಸಮಾಧಾನ ಕೇಳಿರಲಿಲ್ಲ, ಕಟ್ಟಿ ನೋಡು ಎಂದಿರಿ.

ಇಲ್ಲದ ಗಾಡಿಯಲ್ಲಿ ಯಾರೂ ತಪ್ಪು ಹುಡುಕಲಾರರು ಎಂದು ಅಂಗಡಿಯವರು ಹೇಳಿದ್ದರು. ಮೊನ್ನೆ ಬಣ್ಣದ ಡಬ್ಬಿ ತರಲು ಹೋದಾಗ, ಹಾಗೇನಿಲ್ಲ ಎಂದು ಹೇಳಿ ಬಂದೆ.

ಗಾಡಿಯನ್ನು ಅಂಚೆಯಲ್ಲಿ ಕಳಿಸುವುದಿಲ್ಲ, ಕೀಲು ತಾಳುವುದಿಲ್ಲ. ನೀವೇ ಬಂದು ನೋಡಬೇಕು. ಅಮ್ಮನಿಗೆ ಹೇಳಿದೆ. ‘ಬರೋದಾದ್ರೆ ಬರ್ಲಿ’ ಎಂದರು. ತುಸು ಹೊತ್ತಿನ ಮೇಲೆ, ‘ಅವನ ಅಳತೆ ನನ್ನ ಹತ್ರ ಇರೋದು ಹಳೇದು. ಈಗ ಸಣ್ಣಗಾಗಿರ್ತಾನೆ, ಹೊಸಾದು ತಗೋಬೇಕು’ ಎಂದರು. ನಾನು ಅದನ್ನು ಬಿಡಿಸಿ ಹೇಳಲು ಹೋಗುವುದಿಲ್ಲ. ನೀವು ನನಗಿಂತ ಹೆಚ್ಚು ಅಮ್ಮನನ್ನು ಬಲ್ಲಿರಿ.

ಈ ಕಾಗದವನ್ನು ನರ್ಸ್ ಓದಬಾರದು. ಅವರು ಒಳ್ಳೆಯವರು, ಆದರೂ ಇದನ್ನು ನೀವೇ, ನಿಮ್ಮ ಕಣ್ಣಿನಿಂದಲೇ ಓದಬೇಕು. ಐದಕ್ಕೆ ಆಪರೇಷನ್, ಆರಕ್ಕೆ ಕಟ್ಟು ಬಿಚ್ಚುತ್ತಾರೆ, ಮತ್ತೊಂದು ವಾರ ಓದುವಂತಿಲ್ಲ. ಅಲ್ಲಿಯವರೆಗೆ ಇದು ನಮ್ಮ ಬಾಗಿಲ ಪಕ್ಕದ ಕಪಾಟಿನ ಮೇಲೆ, ಛತ್ರಿಗಳ ಜೊತೆ ಇರುತ್ತದೆ. ಈ ಸಲ ಸಾಲು ಉದ್ದವಿದ್ದರೂ ನಿಲ್ಲುತ್ತೇನೆ.

ನಿಮ್ಮ,
ಬೊಚ್ಚಿ

ಅಂಚೆಗೆ ಹಾಕುವ ದಿನ: ಜೂನ್ 14, ಶುಕ್ರವಾರ.